ಸಾಲಿಡ್ಡೋ, ಹೈಡ್ರಾಲಿಕ್ಕೋ? ಓದುಗರ ಇಂಜಿನ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನೂರು ದಾವಣಗೆರೆ, ಈಗಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್‌ನಲ್ಲಿ. ನನ್ನ ಹತ್ತಿರ 1972ರ ಷೆವಿ ನೋವಾ ಇದೆ. 350 ಕ್ಯೂಬಿಕ್ ಇಂಚಿನ ವಿ8, ಫೋರ್ಜ್ಡ್ ಪಿಸ್ಟನ್, ಅಲ್ಯುಮಿನಿಯಂ ಹೆಡ್, 10:1 ಕಂಪ್ರೆಷನ್, ಟರ್ಬೊ 350 ಗೇರ್‌ಬಾಕ್ಸ್, 3,000 ಸ್ಟಾಲ್ ಕನ್ವರ್ಟರ್, ಹಿಂದೆ 3.73 ಗೇರ್. ವಾರಾಂತ್ಯಕ್ಕೆ ರಸ್ತೆಯಲ್ಲಿ ಓಡಿಸುತ್ತೇನೆ, ಬೇಸಿಗೆಯಲ್ಲಿ ಆಗಾಗ ಮಾರ್ಟಿನ್‌ನ ಯುಎಸ್ 131 ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗುತ್ತೇನೆ. ಈಗಿರುವ ಹೈಡ್ರಾಲಿಕ್ ಫ್ಲಾಟ್ ಟ್ಯಾಪೆಟ್ ಕ್ಯಾಮ್ 6,000 ಆರ್‌ಪಿಎಂ ದಾಟಿದರೆ ಉಸಿರು ಕಟ್ಟಿದಂತೆ ಆಡುತ್ತದೆ. 6,800ಕ್ಕೆ ಗೇರ್ ಬದಲಿಸುವ ಆಸೆ. ಸಾಲಿಡ್ ಕ್ಯಾಮ್ ಹಾಕಿಸಿದರೆ ವಾರಕ್ಕೊಮ್ಮೆ ವಾಲ್ವ್ ಕವರ್ ಬಿಚ್ಚಬೇಕಾಗುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸಾಲಿಡ್ ಹಾಕಿಸಿ. ಆದರೆ ಸಾಲಿಡ್ ಫ್ಲಾಟ್ ಟ್ಯಾಪೆಟ್. ಸಾಲಿಡ್ ರೋಲರ್ ಬೇಡ. ಕ್ಯಾಮ್ ಎಂದರೆ ಉಬ್ಬುಗಳಿರುವ, ತಿರುಗುವ ದಂಡ. ಆ ಉಬ್ಬು (ಲೋಬ್) ಎತ್ತಿದಾಗ ಮೇಲೇಳುವ ಲಿಫ್ಟರ್, ಅಂದರೆ ಟ್ಯಾಪೆಟ್, ಪುಶ್‌ರಾಡ್ ಮತ್ತು ರಾಕರ್ ಮೂಲಕ ವಾಲ್ವ್ ತೆರೆಯುತ್ತದೆ. ಫ್ಲಾಟ್‌ನಲ್ಲಿ ಲಿಫ್ಟರ್ ತಳ ಲೋಬ್ ಮೇಲೆ ಜಾರುತ್ತದೆ, ರೋಲರ್‌ನಲ್ಲಿ ಚಕ್ರ ಉರುಳುತ್ತದೆ. ಕ್ಯಾಮ್ ಆರ್ಡರ್ ಮಾಡುವ ಮುಂಚೆ ಈಗಿರುವ ವಾಲ್ವ್ ಸ್ಪ್ರಿಂಗ್‌ಗಳ ಬಿಗಿ ಅಳೆಸಿ. ಸ್ಪ್ರಿಂಗ್ ಸೋತಿದ್ದರೂ ಇಂಜಿನ್ 6,000ದಲ್ಲಿ ಹೀಗೇ ಆಡುತ್ತದೆ, ಆಗ ತಪ್ಪು ಕ್ಯಾಮ್‌ನದಲ್ಲ.

ಹೈಡ್ರಾಲಿಕ್ ಲಿಫ್ಟರ್ ಒಳಗೆ ಸಣ್ಣ ಪ್ಲಂಜರ್, ಅದರ ಕೆಳಗೆ ಇಂಜಿನ್ ಆಯಿಲ್, ಆಯಿಲ್ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್. ಎಲ್ಲಿ ಗ್ಯಾಪ್ ಕಂಡರೂ ಆಯಿಲ್ ನುಗ್ಗಿ ತುಂಬಿಬಿಡುತ್ತದೆ. ಹಾಗಾಗಿ ಶಬ್ದವಿಲ್ಲ, ಅಡ್ಜಸ್ಟ್‌ಮೆಂಟ್ ಇಲ್ಲ. ಮೇಲಿನ ಆರ್‌ಪಿಎಂನಲ್ಲಿ ಈ ಗುಣವೇ ತಿರುಗಿ ಬೀಳುತ್ತದೆ. ಸ್ಪ್ರಿಂಗ್ ತಡವಾಗಿ ಲಿಫ್ಟರ್ ಕ್ಯಾಮ್‌ನಿಂದ ಒಂದು ಕ್ಷಣ ಬೇರ್ಪಟ್ಟರೂ ಅದನ್ನು ಗ್ಯಾಪ್ ಎಂದುಕೊಂಡು ಪ್ಲಂಜರ್ ಮೇಲೇಳುತ್ತದೆ, ಆಮೇಲೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದೇ ಇಲ್ಲ. ಸಾಲಿಡ್‌ನಲ್ಲಿ ಪ್ಲಂಜರ್ ಇಲ್ಲ, ತುಂಬಿಕೊಳ್ಳಲು ಏನೂ ಇಲ್ಲ; ರಾಕರ್ ಮತ್ತು ವಾಲ್ವ್ ನಡುವಿನ ಗ್ಯಾಪ್ (ಲ್ಯಾಶ್) ಕೈಯಿಂದ ಸೆಟ್ ಮಾಡಬೇಕು. ತಕ್ಕ ಸ್ಪ್ರಿಂಗ್ ಇದ್ದರೆ ನಿಮ್ಮ 6,800 ಅದಕ್ಕೆ ಸಲೀಸು.

ಈ ಆಯ್ಕೆಯನ್ನು ಷೆವ್ರೊಲೆ ಕಂಪನಿಯೇ ಗಿರಾಕಿಗಳ ಮುಂದೆ ಇಟ್ಟಿತ್ತು. 1965ರ ಕಾರ್ವೆಟ್‌ನಲ್ಲಿ ಅದೇ 327 ಇಂಜಿನ್ ಈ ಎರಡು ರೂಪದಲ್ಲೂ ಸಿಗುತ್ತಿತ್ತು: ಹೈಡ್ರಾಲಿಕ್ ಕ್ಯಾಮ್‌ನ ಎಲ್79, 350 ಎಚ್‌ಪಿ, ಸಾಲಿಡ್ ಕ್ಯಾಮ್‌ನ ಎಲ್76, 365 ಎಚ್‌ಪಿ. ಕಾಗದದ ಮೇಲೆ ಅಂತರ ಬರೀ 15. ಆ ಸಾಲಿಡ್ ಕ್ಯಾಮೇ 1967ರಿಂದ 69ರವರೆಗಿನ ಕಮಾರೊ ಝಡ್/28ರ 302 ಇಂಜಿನ್‌ಗೂ ಹೋಯಿತು. ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ 30 ಥೌ ಗ್ಯಾಪ್ ಇದ್ದುದರಿಂದ ಜನ ಅದನ್ನು ‘30-30’ ಎಂದೇ ಕರೆದರು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಇಂಜಿನ್ ಎತ್ತರದ ಆರ್‌ಪಿಎಂನಲ್ಲೇ ದುಡಿಯಬೇಕಾದ ಕಡೆ ಅವರು ಸಾಲಿಡ್ ಅನ್ನೇ ಆರಿಸಿದರು ಎಂಬುದು ನನಗೆ ಮುಖ್ಯ.

ಕ್ಯಾಟಲಾಗ್ ನೋಡುವಾಗ ಬಹಳ ಜನ ಎಡವುವುದು ಇಲ್ಲಿ. ಸಾಲಿಡ್ ಕ್ಯಾಮ್‌ನಲ್ಲಿ ಗ್ಯಾಪ್ ಮುಚ್ಚುವವರೆಗೆ ವಾಲ್ವ್ ಅಲ್ಲಾಡುವುದಿಲ್ಲ. ಲೋಬ್ ಲಿಫ್ಟ್ (ಲೋಬ್ ಲಿಫ್ಟರನ್ನು ಎತ್ತುವ ಎತ್ತರ) 0.350 ಇಂಚು, ರಾಕರ್ ಅನುಪಾತ 1.5 ಇದ್ದರೆ ಗುಣಿಸಿದಾಗ 0.525 ಬರುತ್ತದೆ, 22 ಥೌ ಗ್ಯಾಪ್ ಕಳೆದರೆ ವಾಲ್ವ್ ನಿಜವಾಗಿ ಏಳುವುದು 0.503. ಡ್ಯುರೇಷನ್, ಅಂದರೆ ವಾಲ್ವ್ ತೆರೆದಿರುವ ಅವಧಿ ಕೂಡ ಹೀಗೇ ಕರಗುತ್ತದೆ. 50 ಥೌ ಲಿಫ್ಟ್‌ನಲ್ಲಿ ಅಳೆದ 240 ಡಿಗ್ರಿಯ ಸಾಲಿಡ್ ಕ್ಯಾಮ್, ರಸ್ತೆಯಲ್ಲಿ ಸುಮಾರು 230 ಡಿಗ್ರಿಯ ಹೈಡ್ರಾಲಿಕ್‌ನಂತೆ ನಡೆದುಕೊಳ್ಳುತ್ತದೆ. ಸಂಖ್ಯೆ ನೋಡಿ ಹೆದರಬೇಡಿ. ಹಾಗೆಂದು 250ರ ಕಡೆಗೂ ಹೋಗಬೇಡಿ, ಪವರ್ ಬ್ರೇಕ್ ಇದ್ದರಂತೂ ಬೇಡವೇ ಬೇಡ. ಐಡಲ್‌ನಲ್ಲಿ ವ್ಯಾಕ್ಯೂಮ್ ಕುಸಿದರೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಆಗಸ್ಟ್‌ನ ವುಡ್‌ವರ್ಡ್ ಡ್ರೀಮ್ ಕ್ರೂಸ್ ಎಂಬ ಹಳೆ ಕಾರುಗಳ ಮೆರವಣಿಗೆಯ ದಟ್ಟಣೆಯಲ್ಲಿ ಗಂಟೆಗಟ್ಟಲೆ ತೆವಳುವಾಗ ಅದು ಅಪಾಯ.

ಇನ್ನು ವಾರಕ್ಕೊಮ್ಮೆ ಬಿಚ್ಚುವ ಮಾತು. ಅದು ನಿಜವಲ್ಲ. ಒಳ್ಳೆಯ ಪಾಲಿಲಾಕ್ (ಸಡಿಲವಾಗದಂತೆ ಬಿಗಿದು ನಿಲ್ಲುವ ರಾಕರ್) ನಟ್, ಗಟ್ಟಿ ರಾಕರ್ ಸ್ಟಡ್ ಇದ್ದರೆ ಲ್ಯಾಶ್ ಕೂತ ಜಾಗದಲ್ಲೇ ಕೂರುತ್ತದೆ. ಬ್ರೇಕ್-ಇನ್ (ಹೊಸ ಕ್ಯಾಮ್‌ನ ಮೊದಲ ಓಟ) ಆದ ಮೇಲೆ ಒಮ್ಮೆ, ಕೆಲವು ನೂರು ಮೈಲಿ ಓಡಿದ ಮೇಲೆ ಒಮ್ಮೆ, ಆಮೇಲೆ ಸೀಸನ್ ಶುರುವಾಗುವಾಗ ಒಮ್ಮೆ ನೋಡಿದರೆ ಸಾಕು. ಒಂದು ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾದಾಗ ಅದೇ ಸಿಲಿಂಡರ್‌ನ ಇನ್‌ಟೇಕ್ ಸೆಟ್ ಮಾಡಿ; ಇನ್‌ಟೇಕ್ ಮುಚ್ಚುತ್ತಾ ಬಂದಾಗ ಎಕ್ಸಾಸ್ಟ್. ಫೀಲರ್ ಗೇಜ್ ಎಳೆದಾಗ ತುಸು ಹಿಡಿದು ಬಿಡಬೇಕು. ನಿಮ್ಮದು ಕಬ್ಬಿಣದ ಬ್ಲಾಕ್, ಅಲ್ಯುಮಿನಿಯಂ ಹೆಡ್. ಬಿಸಿಯಾದಾಗ ಹೆಡ್ ಹೆಚ್ಚು ಹಿಗ್ಗಿ ಗ್ಯಾಪ್ ಅಗಲವಾಗುತ್ತದೆ. ಆದ್ದರಿಂದ ತಣ್ಣಗಿರುವಾಗ ಕ್ಯಾಮ್ ಜೊತೆ ಬರುವ ಕಾರ್ಡಿನಲ್ಲಿರುವ ಬಿಸಿ ಅಳತೆಗಿಂತ ಸುಮಾರು 6 ಥೌ ಕಡಿಮೆ ಇಟ್ಟು, ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ.

ಈ ನೋಡುವಿಕೆಯೇ ಸಾಲಿಡ್‌ನ ದೊಡ್ಡ ಗುಣ ಎಂದು ನಾನು ನಂಬುತ್ತೇನೆ. ಡಿಟ್ರಾಯಿಟ್ ಹತ್ತಿರದ ಮಷಿನ್ ಶಾಪಿನಲ್ಲಿ ನಾನಿದ್ದಾಗ ಒಬ್ಬರು ತಮ್ಮ 350 ತಂದರು. ಹದಿನಾರರಲ್ಲಿ ಹದಿನೈದು ವಾಲ್ವ್ ಸರಿಯಾಗಿದ್ದವು, 5ನೇ ಸಿಲಿಂಡರ್‌ನ ಎಕ್ಸಾಸ್ಟ್ ಮಾತ್ರ 22 ಥೌ ಇದ್ದದ್ದು 34ಕ್ಕೆ ಹೋಗಿತ್ತು. ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಿ ಆ ಲಿಫ್ಟರ್ ಹೊರತೆಗೆದೆವು. ಉಗುರು ಆಡಿಸಿದರೆ ತಳದಲ್ಲಿ ಕುಳಿ ಸಿಗುತ್ತಿತ್ತು. ಲೋಬ್ ಸವೆಯಲು ಶುರುವಾಗಿತ್ತು, ಆದರೆ ಲೋಹದ ಪುಡಿ ಬೇರಿಂಗ್‌ಗಳನ್ನು ಇನ್ನೂ ಕೆಡಿಸಿರಲಿಲ್ಲ. ಹೈಡ್ರಾಲಿಕ್ ಆಗಿದ್ದರೆ ಆ ಸವೆತವನ್ನು ಆಯಿಲ್ ಮುಚ್ಚಿಟ್ಟುಬಿಡುತ್ತಿತ್ತು.

ಫ್ಲಾಟ್ ಟ್ಯಾಪೆಟ್‌ನ ನಿಜವಾದ ಭಯ ಈ ಸವೆತವೇ, ಸಾಲಿಡ್ ಆದರೂ ಹೈಡ್ರಾಲಿಕ್ ಆದರೂ. ಲಿಫ್ಟರ್ ತಳ ತುಸು ಉಬ್ಬಾಗಿ, ಲೋಬ್ ತುಸು ಓರೆಯಾಗಿ ಇರುವುದು ಲಿಫ್ಟರ್ ತಿರುಗುತ್ತಲೇ ಇರಲಿ ಎಂದು. ತಿರುಗುವುದು ನಿಂತರೆ ಲೋಬ್ ಹೋದಂತೆ. ಲೋಬ್‌ಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದರಿಂದ, ಅದಕ್ಕೇ ಹೊಸ ಕ್ಯಾಮ್ ಹಾಕಿದ ಇಂಜಿನ್ ಅನ್ನು ಐಡಲ್‌ನಲ್ಲಿ ಬಿಡಬಾರದು. ಲೋಬ್‌ಗಳಿಗೆ ಕ್ಯಾಮ್ ಲ್ಯೂಬ್ ಬಳಿದು, ಡ್ರಿಲ್ ಹಾಕಿ ಆಯಿಲ್ ಪಂಪ್ ಪ್ರೈಮ್ ಮಾಡಿ, ಟೈಮಿಂಗ್ ಮೊದಲೇ ಕೂರಿಸಿ, ಕಾರ್ಬ್ಯುರೇಟರ್ ತುಂಬಿಸಿ. ಸ್ಟಾರ್ಟ್ ಆದ ಕೂಡಲೇ 2,000ಕ್ಕೆ ಏರಿಸಿ, 2,000–2,500ರ ನಡುವೆ ಮೇಲೆ ಕೆಳಗೆ ಆಡಿಸುತ್ತಾ 20–30 ನಿಮಿಷ ಓಡಿಸಿ. ಡಬಲ್ ಸ್ಪ್ರಿಂಗ್ ಆದರೆ ಅಷ್ಟು ಹೊತ್ತು ಒಳಗಿನ ಸ್ಪ್ರಿಂಗ್ ತೆಗೆದಿಡಿ. ಈಗಿನ ಹೊಸ ಕಾರುಗಳ ತೆಳು ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಜಿಂಕ್, ಫಾಸ್ಫರಸ್ ಕಡಿಮೆ ಮಾಡಿದ್ದಾರೆ. ನಿಮಗೆ ಬ್ರೇಕ್-ಇನ್‌ಗೂ ಆಮೇಲೂ ಜಿಂಕ್ ಹೆಚ್ಚಿರುವ ಆಯಿಲ್ಲೇ ಬೇಕು. ಇದರಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

ಹೈಡ್ರಾಲಿಕ್ ರೋಲರ್ ಏಕೆ ಹೇಳಲಿಲ್ಲ ಎಂದು ಕೇಳಬಹುದು. ನೀವು 6,200ಕ್ಕೇ ಗೇರ್ ಬದಲಿಸುವವರಾಗಿದ್ದರೆ ಅದನ್ನೇ ಹೇಳುತ್ತಿದ್ದೆ; ಲೋಬ್ ಸವೆತದ ಚಿಂತೆಯೂ ಬಹುಪಾಲು ತಪ್ಪುತ್ತದೆ. ಆದರೆ ಕಾರ್ಖಾನೆ ಸ್ಮಾಲ್ ಬ್ಲಾಕ್‌ಗೆ (ನಿಮ್ಮ 350ರಂಥ ಷೆವಿ ವಿ8ಗೆ) ರೋಲರ್ ಕೊಟ್ಟದ್ದು 1987ರಲ್ಲಿ. ನಿಮ್ಮ ಬ್ಲಾಕ್‌ಗೆ ಟೈ-ಬಾರ್ (ಲಿಫ್ಟರ್ ತಿರುಗದಂತೆ ಹಿಡಿಯುವ ಪಟ್ಟಿ) ಇರುವ ಲಿಫ್ಟರ್, ಬೇರೆ ಉದ್ದದ ಪುಶ್‌ರಾಡ್, ಕ್ಯಾಮ್ ಮುಂದೆ ಸರಿಯದಂತೆ ಥ್ರಸ್ಟ್ ಬಟನ್, ಕ್ಯಾಮ್‌ನ ಲೋಹಕ್ಕೆ ಹೊಂದುವ ಡಿಸ್ಟ್ರಿಬ್ಯೂಟರ್ ಗೇರ್, ಎಲ್ಲಾ ಸೇರಬೇಕು. ಅಷ್ಟು ಖರ್ಚು ಮಾಡಿದರೂ ಆ ಭಾರದ ಲಿಫ್ಟರ್‌ಗಳನ್ನು 6,800ರಲ್ಲಿ ಹಿಡಿದಿಡುವುದು ಸುಲಭವಲ್ಲ. ಸಾಲಿಡ್ ರೋಲರ್‌ಗೆ ಬಲವಾದ ಸ್ಪ್ರಿಂಗ್ ಬೇಕು. ಟ್ರಾಫಿಕ್‌ನಲ್ಲಿ ಐಡಲ್ ಮಾಡುತ್ತಾ ನಿಂತಾಗ ಚಕ್ರದ ಸಣ್ಣ ಬೇರಿಂಗ್‌ಗಳಿಗೆ ಆಯಿಲ್ ಸಾಲದೆ ಹೋಗುತ್ತದೆ. ಟ್ರೇಲರ್ ಮೇಲೆ ಸ್ಟ್ರಿಪ್‌ಗೆ ಹೋಗುವ ಕಾರಿಗೆ ಅದು ಸರಿ.

ಪ್ರಶ್ನೆ: ಹಾಸನದಿಂದ ಬರೆಯುತ್ತಿದ್ದೇನೆ. ನನ್ನದು ಯುಸಿಇ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಇಂಜಿನ್‌ನ ಬುಲೆಟ್ 350. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಶಬ್ದ ಬರುತ್ತದೆ. ಗ್ಯಾರೇಜ್‌ನಲ್ಲಿ ‘ಟ್ಯಾಪೆಟ್ ಸೆಟ್ಟಿಂಗ್’ ಮಾಡಬೇಕು ಎನ್ನುತ್ತಾರೆ. ಮಾಡಿಸಲೇ?

ಉತ್ತರ: ಬೇಡ. ಯುಸಿಇಯಲ್ಲಿರುವುದು ಹೈಡ್ರಾಲಿಕ್ ಟ್ಯಾಪೆಟ್, ಸೆಟ್ ಮಾಡಲು ಅಲ್ಲಿ ಸ್ಕ್ರೂವೇ ಇಲ್ಲ. ರಾತ್ರಿಯೆಲ್ಲ ನಿಂತಾಗ ಟ್ಯಾಪೆಟ್‌ನ ಆಯಿಲ್ ಇಳಿದಿರುತ್ತದೆ, ತುಂಬುವವರೆಗೆ ಕೆಲವು ಕ್ಷಣ ಶಬ್ದ ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲು ಆಯಿಲ್ ಮಟ್ಟ ನೋಡಿ, ಹಳೆಯದಾಗಿದ್ದರೆ ಫಿಲ್ಟರ್ ಸಮೇತ 15ಡಬ್ಲ್ಯೂ-50 ಹಾಕಿಸಿ. ಕೈಯಿಂದ ಸೆಟ್ ಮಾಡಬೇಕಾದದ್ದು ಹಳೆಯ ಕಬ್ಬಿಣದ ಇಂಜಿನ್ ಬುಲೆಟ್‌ಗೆ: ಇಂಜಿನ್ ತಣ್ಣಗಿದ್ದು, ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರುವಾಗ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು.