ಗಂಗಾವತಿ ಭಾಗದಲ್ಲಿ ಕಾಲಾ ಅಜಾರ್ ಭಯ: ಒಂದು ಪ್ರತಿಕ್ರಿಯೆ
ಬಿಹಾರದಿಂದ ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಬಂದಿರುವ ಕಾರ್ಮಿಕರಿಂದ ಕಾಲಾ ಅಜಾರ್ (ಬಹುದಿನದ ಜ್ವರದೊಡನೆ ಹೊಟ್ಟೆಯ ಎಡಭಾಗದ ಅಂಗವಾದ ಗುಲ್ಮ ಊದಿಕೊಳ್ಳುವ ರೋಗ) ಇಲ್ಲಿಯೂ ಹರಡಬಹುದೇ ಎಂದು ತಾವು ಕೇಳಿದ್ದೀರಿ. ಈ ರೋಗ ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ ಬರುವುದಿಲ್ಲ. ಲೀಶ್ಮೇನಿಯಾ ಡೊನೊವಾನಿ ಎಂಬ ಪರಾವಲಂಬಿಯನ್ನು ಸೊಳ್ಳೆಗಿಂತ ಚಿಕ್ಕದಾದ ಮರಳು ನೊಣವು ರೋಗಿಯ ರಕ್ತದೊಡನೆ ಹೀರಿ ಇನ್ನೊಬ್ಬರಿಗೆ ದಾಟಿಸುತ್ತದೆ.

ಭಾರತದಲ್ಲಿ ಇದರ ನೆಲೆಯೆಂದು ಗುರುತಿಸಲಾಗಿರುವುದು ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶಗಳ 54 ಜಿಲ್ಲೆಗಳು. ಗಂಗಾ ಬಯಲಿನ ಮೆಕ್ಕಲು ಮಣ್ಣು, ಮೇಲ್ಮಟ್ಟದಲ್ಲೇ ಸಿಗುವ ಅಂತರ್ಜಲ, ತೇವ ತುಂಬಿದ ಗಾಳಿ, ಬಿರುಕುಬಿಟ್ಟ ಮಣ್ಣಿನ ಗೋಡೆ, ಮನೆಗೆ ಅಂಟಿಕೊಂಡ ದನದ ಕೊಟ್ಟಿಗೆ ಇವೆಲ್ಲ ಒಂದೆಡೆ ಕೂಡಿದಲ್ಲಿ ಈ ನೊಣ ಹುಲುಸಾಗಿ ಬೆಳೆಯುತ್ತದೆ. ಅದೇ ಜಾತಿಯ ನೊಣ ದಕ್ಷಿಣ ಭಾರತದಲ್ಲಿಯೂ ಇದೆಯೆಂಬುದು ನಿಜ. ಆದರೆ ನೊಣವಿರುವಲ್ಲೆಲ್ಲ ರೋಗ ಬೇರೂರಿಲ್ಲ, ಕೊಪ್ಪಳವಾಗಲಿ ರಾಯಚೂರಾಗಲಿ ಆ ಪಟ್ಟಿಯಲ್ಲಿಲ್ಲ.

ಆ 54 ಜಿಲ್ಲೆಗಳಿಂದ ಬಂದವರಿಗೆ ಎರಡು ವಾರ ಮೀರಿದ ಜ್ವರವಿದ್ದು ಗುಲ್ಮ ಊದಿಕೊಂಡಿದ್ದರೆ, ವೈದ್ಯರಿಗೆ ಅವರ ಊರನ್ನು ತಪ್ಪದೆ ತಿಳಿಸಬೇಕು. ಬೆರಳ ತುದಿಯ ಒಂದು ಹನಿ ರಕ್ತದಲ್ಲೇ ತ್ವರಿತ ಪರೀಕ್ಷೆ ಸಾಧ್ಯ. ಕಾರ್ಮಿಕರನ್ನು ದೂರವಿಟ್ಟರೆ ಅವರು ಜ್ವರವನ್ನೇ ಮುಚ್ಚಿಡುತ್ತಾರೆ. ನನ್ನನ್ನು ಕೇಳಿದರೆ, ನಮ್ಮ ಭಾಗಕ್ಕೆ ಇದಕ್ಕಿಂತ ಹತ್ತಿರದ ಚಿಂತೆ ಸೊಳ್ಳೆಯಿಂದ ಹರಡುವ ಆನೆಕಾಲು ರೋಗ. ಅದರ ಪೀಡಿತ ಜಿಲ್ಲೆಗಳಲ್ಲಿ ರಾಯಚೂರು ಸೇರಿದೆ.