ರೋಲಾಂ ಗ್ಯಾರೋಸ್ ಟೆನಿಸ್ ಆಟಗಾರನಾ? ಪ್ಯಾರಿಸ್‌ನ ಅಂಗಳಕ್ಕೆ ಅವನ ಹೆಸರು ಯಾಕೆ?

ಅಲ್ಲ, ಅವನು ಮೊದಲ ಮಹಾಯುದ್ಧದ ಕಾಲದ ಫ್ರೆಂಚ್ ಯುದ್ಧ ಪೈಲಟ್. ಹುಟ್ಟಿದ್ದು 1888ರ ಅಕ್ಟೋಬರ್ 6ರಂದು, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ. 1913ರಲ್ಲಿ ಸುಮಾರು 8 ತಾಸು ಒಂದೇ ಸಮನೆ ಹಾರಿ ಮೆಡಿಟರೇನಿಯನ್ ಸಮುದ್ರ ದಾಟಿದ. ಹಾಗೆ ನಿಲ್ಲದೆ ದಾಟಿದವರಲ್ಲಿ ಅವನೇ ಮೊದಲಿಗ.

ನನಗೆ ಜಾಸ್ತಿ ಇಷ್ಟವಾಗುವುದು ಅವನ ಫ್ಯಾನಿನ ಕಥೆ. ಆಗಿನ ವಿಮಾನದಲ್ಲಿ ನೇರ ಮುಂದಕ್ಕೆ ಗುಂಡು ಹಾರಿಸಿದರೆ ಎದುರಿಗೆ ತಿರುಗುವ ಮರದ ಫ್ಯಾನೇ ಚೂರಾಗುತ್ತಿತ್ತು. ಗ್ಯಾರೋಸ್ ಅದರ ರೆಕ್ಕೆಗಳಿಗೆ ಗುಂಡು ತಾಗುವ ಜಾಗದಲ್ಲೇ ಉಕ್ಕಿನ ತುಂಡು ಕೂರಿಸಿದ. ತಾಗಿದ ಗುಂಡು ಪಕ್ಕಕ್ಕೆ ಜಾರುತ್ತಿತ್ತು, ಉಳಿದವು ಗುರಿಗೆ! 1915ರ ಏಪ್ರಿಲ್‌ನಲ್ಲಿ ಮೂರು ಜರ್ಮನ್ ವಿಮಾನ ಉರುಳಿಸಿದ. ಆದರೆ 18ನೇ ತಾರೀಖು ಶತ್ರು ನೆಲದಲ್ಲಿ ಇಳಿಯಬೇಕಾಯಿತು. ವಿಮಾನಕ್ಕೆ ಬೆಂಕಿ ಹಚ್ಚಿದರೂ ಪೂರ್ತಿ ಸುಡಲಿಲ್ಲ. ಗುಟ್ಟು ಜರ್ಮನರ ಕೈಸೇರಿತು.

ಸುಮಾರು ಮೂರು ವರ್ಷ ಸೆರೆ. 1918ರ ಫೆಬ್ರವರಿಯಲ್ಲಿ ಜರ್ಮನ್ ಅಧಿಕಾರಿಯ ವೇಷದಲ್ಲಿ ತಪ್ಪಿಸಿಕೊಂಡ. ಅಷ್ಟರಲ್ಲಿ ದೃಷ್ಟಿ ಮಂಜಾಗಿತ್ತು, ಸುಮ್ನೆ ಮನೆಯಲ್ಲಿ ಕೂರಬಹುದಿತ್ತು ಅಲ್ವಾ? ಕನ್ನಡಕ ಹಾಕಿಕೊಂಡು ಮತ್ತೆ ಹಾರಿದ. ಅಕ್ಟೋಬರ್ 5ರಂದು ಫ್ರಾನ್ಸ್‌ನ ವೂಜಿಯೇ ಊರಿನ ಹತ್ತಿರ ಆಕಾಶದ ಕಾಳಗದಲ್ಲಿ ಸತ್ತ. ಮರುದಿನ ಅವನಿಗೆ 30 ತುಂಬುತ್ತಿತ್ತು.

ಅವನ ನೆನಪಿಗಾಗಿಯೇ 1928ರಲ್ಲಿ ಪ್ಯಾರಿಸ್‌ನ ಹೊಸ ಟೆನಿಸ್ ಅಂಗಳಕ್ಕೆ ಅವನ ಹೆಸರಿಟ್ಟರು.