ಬಾವಿ ತೋಡುವಾಗ ಸಿಕ್ಕ ಹರಳು: ತೊಳೆಯೋದು ಹೇಗೆ?

ಪ್ರಶ್ನೆ: ನಮ್ಮ ಹೊಲದಲ್ಲಿ ಬಾವಿ ತೋಡುವಾಗ ಕಪ್ಪು ಕಲ್ಲಿನ ಪೊಳ್ಳಿನೊಳಗೆ ಹರಳುಗಳು ಸಿಕ್ಕಿವೆ. ಕೆಲವು ಗಾಜಿನ ಹಾಗೆ ತಿಳಿಯಾಗಿ, ಚೌಕವಾಗಿವೆ. ಅವುಗಳ ಬುಡದಲ್ಲಿ ಜೋಳದ ಸೂಡು ಕಟ್ಟಿದ ಹಾಗೆ ಬಿಳಿ ಹರಳುಗಳಿವೆ. ಬೇರೆಯಾಗಿ ಬೆಣಚುಕಲ್ಲಿನ ಹರಳೂ ಇವೆ, ಅವಕ್ಕೆ ಕೆಂಪು ತುಕ್ಕು ಹಿಡಿದಿದೆ. ಎಲ್ಲಕ್ಕೂ ಮಣ್ಣು ಮೆತ್ತಿದೆ. ಅಮ್ಮ ಹುಣಸೆಹಣ್ಣಲ್ಲಿ ಉಜ್ಜು ಅಂತಾರೆ, ಗೆಳೆಯರು ಕಕ್ಕಸು ತೊಳೆಯುವ ಆಸಿಡ್ ಹಾಕು ಅಂತಾರೆ. ಆಮೇಲೆ ಪಾಲಿಶ್ ಮಾಡಿಸಬೇಕು ಅಂತಿದ್ದೇನೆ. ಏನು ಮಾಡಲಿ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಸದ್ಯಕ್ಕೆ ಹುಣಸೆಹಣ್ಣೂ ಬೇಡ, ಆಸಿಡ್ಡೂ ಬೇಡ. ಮೊದಲು ಕೈಯಲ್ಲಿರೋದು ಏನು ಅಂತ ತಿಳಿಯಬೇಕು.

ನೀವು ಹೇಳಿದ ಗುರುತು ನೋಡಿದರೆ ಚೌಕದ ಹರಳು ಅಪೋಫಿಲೈಟ್, ಸೂಡಿನಂತಿರೋದು ಸ್ಟಿಲ್‌ಬೈಟ್ ಇರಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಲಾವಾ ಹರಿದು ಆರಿದಾಗ ಒಳಗೆ ಗಾಳಿಗುಳ್ಳೆಗಳು ಉಳಿದವು. ಆ ಪೊಳ್ಳುಗಳಲ್ಲಿ ನೀರು ಇಳಿದು, ನಿಧಾನವಾಗಿ ಇಂಥ ಹರಳು ಬೆಳೆದವು. ಪುಣೆ, ನಾಸಿಕ್, ಜಳಗಾಂವ್ ಕಡೆಯ ಕ್ವಾರಿಗಳು ಇವಕ್ಕೆ ಜಗತ್ತಿನಲ್ಲೇ ಹೆಸರುವಾಸಿ. ಅದೇ ಕಪ್ಪು ಕಲ್ಲು ನಿಮ್ಮ ಹೊಲದ ಕೆಳಗೂ ಇದೆ.

ಒಂದು ಹರಳನ್ನು ಬಿಸಿಲಿಗೆ ಹಿಡಿದು ಓರೆಯಾಗಿ ತಿರುಗಿಸಿ ನೋಡಿ. ಪಕ್ಕದ ಮುಖದ ಮೇಲೆ ಕೂದಲಿನಷ್ಟು ಸಣ್ಣ ಗೀರುಗಳು ಕಾಣಬಹುದು. ಗೀರು ಉದ್ದಕ್ಕೆ ಇದ್ದರೆ ಅಪೋಫಿಲೈಟ್, ಅಡ್ಡಡ್ಡ ಇದ್ದರೆ ಬೆಣಚುಕಲ್ಲು. ಯಾರೋ ಗೀಚಿದ್ದಲ್ಲ ಅದು, ಹರಳು ಬೆಳೆಯುವಾಗ ತಾನೇ ಬಿಟ್ಟ ಗುರುತು. ಸಾಣೆ ಹಿಡಿದರೆ ಮೊದಲು ಹೋಗೋದೇ ಈ ಗೀರು. ಅದಕ್ಕೇ ಹೇಳೋದು, ಮುಖ ಚೆನ್ನಾಗಿರುವ ಹರಳಿಗೆ ಪಾಲಿಶ್ ಮಾಡಿಸಲೇಬೇಡಿ. ಹಾಗೇ ಇದ್ದರೇ ಅದಕ್ಕೆ ಬೆಲೆ, ಅಂದ ಎರಡೂ.

ಈಗ ಮಣ್ಣು. ನಿಮ್ಮ ಕಡೆಯ ಎರೆಮಣ್ಣು ಹಸಿ ಇದ್ದಾಗ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ, ಉಜ್ಜಿದಷ್ಟೂ ಸಂದಿಗೆ ಹೋಗುತ್ತದೆ. ಒಂದು ವಾರ ನೆರಳಲ್ಲಿ ಪೂರ್ತಿ ಒಣಗಿಸಿ. ಬಿರುಕು ಬಿಟ್ಟ ಮೇಲೆ ಒಮ್ಮೆಲೇ ನೀರಿನ ಬಕೆಟ್ಟಿಗೆ ಇಳಿಸಿ. ಸಣ್ಣ ಗುಳ್ಳೆಗಳು ಏಳುತ್ತವೆ, ಮಣ್ಣು ತಾನಾಗಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಉಳಿದದ್ದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಳೆ ಟೂತ್‌ಬ್ರಶ್, ಸಂದಿಗೆ ಬಿದಿರಿನ ಕಡ್ಡಿ. ಸೂಜಿ, ಚಾಕು ಬೇಡ. ಒಂದರಿಂದ ಹತ್ತರವರೆಗಿನ ಮೋಸ್ ಅಳತೆಯಲ್ಲಿ ಅಪೋಫಿಲೈಟಿನ ಗಡಸುತನ 4.5ರಿಂದ 5, ಸ್ಟಿಲ್‌ಬೈಟಿನದು 3.5ರಿಂದ 4. ಚಾಕು ಎರಡನ್ನೂ ಗೀರಿಬಿಡುತ್ತದೆ. ಹತ್ತಿಯ ಎಳೆಯಂಥ ಬಿಳಿ ಸೂಜಿಗಳು ಕಂಡರೆ ಬ್ರಶ್ ಕೂಡ ತಾಗಿಸಬೇಡಿ, ಕ್ಯಾಮೆರಾ ಒರೆಸುವಾಗ ಬಳಸುವ ರಬ್ಬರ್ ಬಲ್ಬಿನಿಂದ ಗಾಳಿ ಊದಿದರೆ ಸಾಕು.

ಬಿಸಿನೀರು, ಒಲೆ, ಕಡುಬಿಸಿಲು ಯಾವುದೂ ಬೇಡ. ಈ ಎರಡು ಹರಳುಗಳ ಒಳಗೇ ನೀರಿದೆ. ಕಾಯಿಸಿದರೆ ಅದು ಹೊರಬಿದ್ದು ಅಪೋಫಿಲೈಟ್ ಪದರ ಪದರವಾಗಿ ಏಳುತ್ತದೆ. 1806ರಲ್ಲಿ ಫ್ರಾನ್ಸಿನ ಖನಿಜ ತಜ್ಞ ಹಾಯ್ ಇದಕ್ಕೆ ಹೆಸರಿಟ್ಟಿದ್ದೇ 'ಎಲೆ ಎಲೆಯಾಗಿ ಬಿಚ್ಚಿಕೊಳ್ಳೋದು' ಎಂಬ ಗ್ರೀಕ್ ಅರ್ಥದಲ್ಲಿ.

ಆಸಿಡ್ ವಿಷಯದಲ್ಲಿ ನನಗೊಂದು ನೋವಿದೆ. ಓದುವ ದಿನಗಳಲ್ಲಿ ಸ್ಟಿಲ್‌ಬೈಟ್ ಮೇಲೆ ಜೇನಿನ ಬಣ್ಣದ ಕ್ಯಾಲ್ಸೈಟ್ (ಸುಣ್ಣದ ಅಂಶದ ಹರಳು) ಕೂತಿದ್ದ ಒಂದು ಕಲ್ಲನ್ನು ರಾತ್ರಿ ಕಕ್ಕಸು ತೊಳೆಯುವ ಆಸಿಡ್ಡಿನಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ಕ್ಯಾಲ್ಸೈಟ್ ಇರಲೇ ಇಲ್ಲ, ಸ್ಟಿಲ್‌ಬೈಟ್ ಹೊಳಪು ಕಳೆದು ಸುಣ್ಣದಂತಾಗಿತ್ತು. ಅಂಥ ಕಲ್ಲು ನನಗೆ ಮತ್ತೆ ಸಿಗಲಿಲ್ಲ. ಹುಣಸೆ, ನಿಂಬೆ, ವಿನೆಗರ್ ಕೂಡ ಕ್ಯಾಲ್ಸೈಟನ್ನು ತಿನ್ನುತ್ತವೆ, ಸ್ವಲ್ಪ ನಿಧಾನವಾಗಿ ಅಷ್ಟೇ. ಅನುಮಾನ ಇದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಕ್ಯಾಲ್ಸೈಟ್, ತಕ್ಷಣ ತೊಳೆಯಿರಿ.

ಬೆಣಚುಕಲ್ಲಿನ ತುಕ್ಕಿಗೆ ಮಾತ್ರ ಆಕ್ಸಾಲಿಕ್ ಆಸಿಡ್ ಸರಿ. ಒಂದು ಲೀಟರ್ ನೀರಿಗೆ 50 ಗ್ರಾಂ. ಬೋರ್‌ವೆಲ್ಲಿನ ಗಡಸು ನೀರು ಬಳಸಿದರೆ ಬಿಳಿ ಪುಡಿ ಕೂರುತ್ತದೆ, ಹಾಗಾಗಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮನೆಯ ಹೊರಗೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಕೆಲಸ ಮಾಡಿ. ಕಾಯಿಸಬೇಡಿ, ಆವಿ ಕೆಟ್ಟದ್ದು. ಮೂರ್ನಾಲ್ಕು ದಿನದಲ್ಲಿ ಕೆಂಪು ಬಿಡುತ್ತದೆ. ಆಮೇಲೆ ಅಷ್ಟೇ ದಿನ ಒಳ್ಳೆ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ. ಒಂದು ಮಾತು ಮರೆಯಬೇಡಿ: ಈ ಪುಡಿ ನೋಡೋಕೆ ಥೇಟ್ ಸಕ್ಕರೆ, ಆದರೆ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡ ಹಾಳಾಗುತ್ತದೆ, ಜೀವಕ್ಕೂ ಅಪಾಯ. ಅಡುಗೆಮನೆ ಹತ್ತಿರ ಸುಳಿಯಲೇಬಾರದು. ಡಬ್ಬಿ ಮೇಲೆ ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಪ್ರಶ್ನೆ: ಹಾಸನದ ಹತ್ತಿರ ಹಳ್ಳದಲ್ಲಿ ಆರಿಸಿದ ಗಾರ್ನೆಟ್‌ಗಳಿವೆ. ಬಹಳಷ್ಟು ಒಡೆದಿವೆ. ಇವಕ್ಕಾದರೂ ಪಾಲಿಶ್ ಮಾಡಬಹುದಾ?

ಉತ್ತರ: ಒಡೆದವಕ್ಕೆ ಧಾರಾಳವಾಗಿ ಮಾಡಿ. ಆದರೆ ಮೊದಲು ಎಲ್ಲವನ್ನೂ ಬಿಳಿ ತಟ್ಟೆಯಲ್ಲಿ ಹರಡಿ. ಹನ್ನೆರಡು ಮುಖ ಎಣಿಸಲು ಸಿಗುವ ಹರಳು ಒಂದೇ ಒಂದು ಇದ್ದರೂ ಎತ್ತಿಡಿ. ಅದಕ್ಕೆ ಅಂಟಿರುವ ಅಭ್ರಕ ಮೆತ್ತಗಿರುತ್ತದೆ, ಕಡ್ಡಿಯಿಂದ ಎಬ್ಬಿಸಿದರೆ ಬರುತ್ತದೆ.

ಉಳಿದವನ್ನು ತಿರುಗುವ ಟಂಬ್ಲರ್ ಡಬ್ಬಿಗೆ ಹಾಕಿ. ಡಬ್ಬಿ ಮೂರರಲ್ಲಿ ಎರಡು ಪಾಲಾದರೂ ತುಂಬಿರಲಿ. ಗಾರ್ನೆಟ್ ಗಡಸು ಕಲ್ಲು, 6.5ರಿಂದ 7.5, ಹಾಗಾಗಿ ಮೆತ್ತನೆ ಕಲ್ಲು ಬೆರೆಸಬೇಡಿ. ಸಿಲಿಕಾನ್ ಕಾರ್ಬೈಡ್ ಪುಡಿ ಮೊದಲು ಒರಟು, ಆಮೇಲೆ 220, ಆಮೇಲೆ 600 (ಅಂಕಿ ಹೆಚ್ಚಿದಷ್ಟೂ ಪುಡಿ ನಯ), ಕೊನೆಗೆ ಹೊಳಪಿಗೆ ಅಲ್ಯೂಮಿನಿಯಂ ಆಕ್ಸೈಡ್. ಒಂದೊಂದಕ್ಕೂ ವಾರ ಬೇಕು. ನಡುವೆ ಕಲ್ಲು, ಡಬ್ಬಿ ಎರಡನ್ನೂ ಚೆನ್ನಾಗಿ ತೊಳೆಯಿರಿ, ಒರಟು ಪುಡಿಯ ಒಂದೇ ಕಾಳು ಉಳಿದರೂ ವಾರದ ಕೆಲಸ ಹಾಳು. ಕೆಸರನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನಲ್ಲಿ ಸಿಮೆಂಟಿನ ಹಾಗೆ ಕಟ್ಟುತ್ತದೆ. ಯಾವ ಕಲ್ಲನ್ನೂ ಒಣಗಿದ್ದಾಗ ಅರೆಯಬೇಡಿ. ಸುಮ್ನೆ ಐದು ನಿಮಿಷ ಅಂದ್ರೂ ಬೇಡ, ಆ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ.

ಪ್ರಶ್ನೆ: ಹರಳಿಗೆ ಕೊಬ್ಬರಿ ಎಣ್ಣೆ ಸವರಿದರೆ ಹೊಳಪು ಬರುತ್ತೆ ಅಲ್ವಾ?

ಉತ್ತರ: ಬರುತ್ತೆ, ಒಂದೆರಡು ವಾರ. ಆಮೇಲೆ ಧೂಳು ಹಿಡಿದು ಜಿಡ್ಡಾಗುತ್ತದೆ, ಬಿರುಕಿನೊಳಗೆ ಹೋದ ಎಣ್ಣೆ ಹಳದಿ ತಿರುಗುತ್ತದೆ. ಈಗಾಗಲೇ ಸವರಿದ್ದರೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ಅರ್ಧ ಗಂಟೆ ಇಟ್ಟು ತೊಳೆಯಿರಿ, ಇನ್ನೂ ಜಿಡ್ಡಿದ್ದರೆ ಮತ್ತೊಮ್ಮೆ.